ಕಚ್ಚಾ ತೈಲ 47 ವರ್ಷಕ್ಕೆ ಖಾಲಿ: ಈ ಲೆಕ್ಕ ಸರಿನಾ?

ಮದ್ದೂರಿನವ:
ಜಗತ್ತಿನ ಕಚ್ಚಾ ತೈಲ ಇನ್ನು 47 ವರ್ಷದಲ್ಲಿ ಮುಗಿಯುತ್ತೆ ಅನ್ನೋ ಸುದ್ದಿ ಎಲ್ಲ ಕಡೆ ಓಡಾಡ್ತಿದೆ. ನಂಬಬಹುದಾ? ನಮ್ಮ ಮಂಡ್ಯದ ಕಬ್ಬಿನ ಎಥೆನಾಲ್ ಆ ಜಾಗ ತುಂಬುತ್ತಾ?

ಬಂಡೆಶಾಸ್ತ್ರಿ:
ಭಾಗಾಕಾರ ಸರಿ, ಅರ್ಥ ತಪ್ಪು. ಖಚಿತ ನಿಕ್ಷೇಪ ಸುಮಾರು 1.7 ಲಕ್ಷ ಕೋಟಿ ಬ್ಯಾರಲ್, ಬಳಕೆ ದಿನಕ್ಕೆ ಹತ್ತಿರ ಹತ್ತಿರ 10 ಕೋಟಿ, ಭಾಗಿಸಿದ್ರೆ ಸುಮಾರು 47 ವರ್ಷ. ಒಂದು ಬ್ಯಾರಲ್ ಅಂದ್ರೆ 159 ಲೀಟರ್. ಆದ್ರೆ ‘ಖಚಿತ ನಿಕ್ಷೇಪ’ ಅಂದ್ರೆ ನೆಲದಡಿ ಇರೋದೆಲ್ಲ ಅಲ್ಲ, ಇವತ್ತಿನ ಬೆಲೆಗೆ, ಇವತ್ತಿನ ತಂತ್ರಕ್ಕೆ ಗಿಟ್ಟೋದು ಮಾತ್ರ. ಬಂಡೆಯ ರಂಧ್ರಗಳಲ್ಲಿರೋ ಎಣ್ಣೆಯಲ್ಲಿ ಮೇಲೆ ಬರೋದು ಸಾಮಾನ್ಯವಾಗಿ ಮೂರರಲ್ಲೊಂದು ಪಾಲು. ಬೆಲೆ ಏರಿದ್ರೆ ಉಳಿದದ್ದಕ್ಕೂ ಕೈ ಹಾಕ್ತಾರೆ. 1980ರಲ್ಲಿ ಇದೇ ಭಾಗಾಕಾರ ಸುಮಾರು 30 ವರ್ಷ ಅಂತಿತ್ತು.

ನಾಲೆಬದಿ:
ಅಣ್ಣಾ, ಅಷ್ಟು ನಿರಾಳ ಆಗ್ಬೇಡಿ. ಅಮೆರಿಕದ ಉತ್ಪಾದನೆ 1970ರ ಸುಮಾರಿಗೆ ತುದಿ ಮುಟ್ಟಿ ಇಳಿಯಬಹುದು ಅಂತ ಅಲ್ಲಿನ ಭೂವಿಜ್ಞಾನಿ ಹಬ್ಬರ್ಟ್ 1956ರಲ್ಲೇ ಹೇಳಿದ್ದರು. ಹಾಗೇ ಆಯ್ತು. ಆಮೇಲೆ ಶೇಲ್ ಎಣ್ಣೆ (ಬಿಗಿಯಾದ ಬಂಡೆ ಸೀಳಿ ತೆಗೆಯೋದು) ಬಂದು 2018ರಲ್ಲಿ ಆ ದಾಖಲೆ ಮುರೀತು, ನಿಜ. ಆದ್ರೆ ಶೇಲ್ ಬಾವಿಯ ಇಳುವರಿ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಕೆಳಗೆ ಬೀಳುತ್ತೆ. ಹೊಸದು ಕೊರೀತಾನೇ ಇರಬೇಕು. ಬೆಲೆ ಕುಸಿದ್ರೆ ಕೊರೆತ ನಿಲ್ಲುತ್ತೆ. ಎಣ್ಣೆಗಿಂತ ಮೊದಲು ಅಗ್ಗದ ಎಣ್ಣೆ ಮುಗಿಯುತ್ತೆ.

ಆಲೆಮನೆ:
ಎಥೆನಾಲ್‌ಗೆ ಬರೋಣ. ಟನ್ ಕಬ್ಬಿನ ರಸದಿಂದ ನೇರವಾಗಿ ತೆಗೆದ್ರೆ ಸುಮಾರು 70 ಲೀಟರ್. ಸಕ್ಕರೆ ಪೂರ್ತಿ ತೆಗೆದು ಉಳಿದ ಕಾಕಂಬಿಯಿಂದಾದ್ರೆ ಹತ್ತು-ಹನ್ನೊಂದು. ಅದರಲ್ಲೂ ಲೀಟರಿಗೆ ಶಕ್ತಿ ಪೆಟ್ರೋಲಿನ ಮೂರರಲ್ಲೆರಡು ಪಾಲು ಅಷ್ಟೇ. ಎಥೆನಾಲ್ ಬೆರೆಸಿದ ಪೆಟ್ರೋಲ್ ಇರೋ ಟ್ಯಾಂಕಿಗೆ ನೀರು ಸೇರಿದ್ರೆ ಎಥೆನಾಲ್ ನೀರಿನ ಜೊತೆ ಸೇರಿ, ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ. ಕಬ್ಬು ಸಾಗಿಸೋ ಲಾರಿ, ಟ್ರಾಕ್ಟರ್ ಓಡೋದು ಡೀಸೆಲ್‌ನಲ್ಲಿ. ಡೀಸೆಲ್‌ಗೆ ಎಥೆನಾಲ್ ಬದಲಿಯಲ್ಲ. ಕೆಆರ್‌ಎಸ್‌ನಿಂದ ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಡದ ವರ್ಷ ಕಬ್ಬೇ ಇರಲ್ಲ ಬಿಡಿ.