ಪದಚರ್ಚೆ: ‘ಅಮಾನ್ಯ ಪಕ್ಷ’ ಅನ್ನುವುದು ಸರಿಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ನೆರವು ಬೇಕು. ನಮ್ಮ ತಾಲ್ಲೂಕಿನ ಕೆಲವು ಗೆಳೆಯರು ಹೊಸ ರಾಜಕೀಯ ಪಕ್ಷ ಶುರು ಮಾಡುತ್ತಿದ್ದಾರೆ. ಅದರ ಕಾಗದಪತ್ರಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಜನರಿಗೆ ಹಂಚುವ ಕರಪತ್ರದ ಕರಡಿನಲ್ಲಿ ನಾನು ಹೀಗೆ ಬರೆದಿದ್ದೆ: ‘ಚುನಾವಣಾ ಆಯೋಗದಲ್ಲಿ ನೋಂದಣಿಯಾದ ಮೇಲೆ ನಮ್ಮದು ನೋಂದಾಯಿತ ಅಮಾನ್ಯ ಪಕ್ಷವಾಗುತ್ತದೆ.’ ಇಂಗ್ಲಿಷಿನ ‘ರಿಜಿಸ್ಟರ್ಡ್ ಅನ್‌ರೆಕಗ್ನೈಸ್ಡ್’ ಅನ್ನುವುದಕ್ಕೆ ಹಾಗೆ ಬರೆದೆ.

ಕಳೆದ ವಾರ ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಯಲ್ಲಿ ಅದರ ಪ್ರಿಂಟ್ ತೆಗೆಸುತ್ತಿದ್ದೆ. ಪಹಣಿ ಜೆರಾಕ್ಸ್ ಮಾಡಿಸಲು ಬಂದಿದ್ದ ಹಿರಿಯರೊಬ್ಬರು ಹಾಳೆ ತೆಗೆದುಕೊಂಡು ಪೂರ್ತಿ ಓದಿದರು. ಆ ಸಾಲಿನ ಮೇಲೆ ಬೆರಳಿಟ್ಟರು.

‘ಇದೇನಪ್ಪಾ, ಶುರು ಮಾಡೋಕೆ ಮುಂಚೆನೇ ರದ್ದಾಗೈತಾ?’

‘ಇಲ್ಲ ಯಜಮಾನ್ರೇ, ರದ್ದೇನೂ ಆಗಿಲ್ಲ.’

‘ಮತ್ತೆ ಅಮಾನ್ಯ ಅಂತ ಬರ್ದಿದ್ದೀಯಲ್ಲ. ನೋಟು ಅಮಾನ್ಯ ಅಂದಾಗ ಬ್ಯಾಂಕ್ ಮುಂದೆ ಕ್ಯೂ ನಿಂತೋನು ನಾನು. ಇದಕ್ಕೆ ಓಟು ಹಾಕಿದ್ರೆ ಲೆಕ್ಕಕ್ಕೆ ತಗೋತಾರಾ?’

ಅವರು ಕೇಳಿದ್ದು ಸರಿಯಾಗಿಯೇ ಇತ್ತು. 2016ರ ನವೆಂಬರ್ ಆದ ಮೇಲೆ ಅಮಾನ್ಯ ಎಂದರೆ ‘ಇನ್ನು ಚಲಾವಣೆ ಇಲ್ಲ’ ಎಂದೇ ಜನರ ತಲೆಯಲ್ಲಿ ಕೂತಿದೆ. ಮತ ಎಣಿಕೆಯ ವರದಿಗಳಲ್ಲೂ ಅಮಾನ್ಯ ಮತ ಎಂದರೆ ಎಣಿಕೆಗೆ ಸಿಗದ ಮತ. ಅದಕ್ಕೆ ಕನ್ನಡದಲ್ಲಿ ಅಸಿಂಧು ಮತ, ಕುಲಗೆಟ್ಟ ಮತ ಎಂಬ ಒಳ್ಳೆಯ ಮಾತುಗಳು ಮೊದಲೇ ಇವೆ. ಆದರೂ ಅಮಾನ್ಯ ಆ ಅರ್ಥವನ್ನೇ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿದೆ.

ನಿಜಕ್ಕೂ ಇಲ್ಲಿ ಏನು ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ. ಅದು ತಿಳಿಯದಿದ್ದರೆ ಪದ ಹುಡುಕುವುದು ಕಷ್ಟ.

ಪಕ್ಷದ ನೋಂದಣಿ ಆಗುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಸೆಕ್ಷನ್ ಪ್ರಕಾರ. ಪಕ್ಷ ಸ್ಥಾಪನೆಯಾದ 30 ದಿನಗಳ ಒಳಗೆ ದೆಹಲಿಯ ಚುನಾವಣಾ ಆಯೋಗಕ್ಕೆ ಅರ್ಜಿ ಹೋಗಬೇಕು. ಜೊತೆಗೆ 10,000 ರೂಪಾಯಿಯ ಡಿಡಿ, ಪಕ್ಷದ ನಿಯಮಾವಳಿ, ಕಡಿಮೆ ಎಂದರೂ 100 ಸದಸ್ಯರ ಅಫಿಡವಿಟ್. ಆ ನೂರೂ ಜನ ಮತದಾರರ ಪಟ್ಟಿಯಲ್ಲಿರಬೇಕು, ನೋಂದಣಿಯಾದ ಬೇರೆ ಯಾವ ಪಕ್ಷದಲ್ಲೂ ಇರಬಾರದು. ಆಮೇಲೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಇಷ್ಟು ಮುಗಿದು ಆಯೋಗ ಒಪ್ಪಿದರೆ ಪಕ್ಷ ನೋಂದಣಿಯಾಯಿತು. ಅಲ್ಲಿಗೆ ಅದು ಕಾನೂನಿನ ಕಣ್ಣಲ್ಲಿ ಪೂರ್ತಿ ಪಕ್ಷವೇ. ಅಭ್ಯರ್ಥಿ ನಿಲ್ಲಿಸಬಹುದು, ಗೆಲ್ಲಬಹುದು.

ಮಾನ್ಯತೆ ಇದಕ್ಕಿಂತ ಬೇರೆ. ಅದು ಅರ್ಜಿ ಹಾಕಿದರೆ ಸಿಗುವುದಲ್ಲ, ಓಟಿನಿಂದ ಸಿಗುವುದು. 1968ರ ಚುನಾವಣಾ ಚಿಹ್ನೆಗಳ ಆದೇಶದಲ್ಲಿ ಅದರ ಲೆಕ್ಕ ಇದೆ. ಉದಾಹರಣೆಗೆ, ವಿಧಾನಸಭಾ ಚುನಾವಣೆಯಲ್ಲಿ ಸಿಂಧು ಮತಗಳ ಶೇ 6ರಷ್ಟು ಪಡೆದು 2 ಸ್ಥಾನ ಗೆದ್ದರೆ ರಾಜ್ಯ ಪಕ್ಷ ಎಂಬ ಮಾನ್ಯತೆ ಬರುತ್ತದೆ. ಬೇರೆ ದಾರಿಗಳೂ ಇವೆ. ಮಾನ್ಯತೆ ಬಂದರೆ ಆ ರಾಜ್ಯದಲ್ಲಿ ಸ್ವಂತ ಚಿಹ್ನೆ ಮೀಸಲು. ಅಭ್ಯರ್ಥಿಯ ನಾಮಪತ್ರಕ್ಕೆ ಒಬ್ಬ ಸೂಚಕರ ಸಹಿ ಸಾಕು. ಇಲ್ಲದಿದ್ದರೆ ಹತ್ತು ಜನರದು ಬೇಕು.

ಹಾಗಾಗಿ ಮಾನ್ಯತೆ ಅನ್ನುವುದು ಒಂದು ದರ್ಜೆ, ಪರವಾನಗಿ ಅಲ್ಲ. 2023ರ ವಿಧಾನಸಭಾ ಚುನಾವಣೆಯನ್ನೇ ನೋಡಿ. ಗಂಗಾವತಿಯಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಗೆದ್ದಿತು, ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕ ಪಕ್ಷ ಗೆದ್ದಿತು. ಎರಡಕ್ಕೂ ಮಾನ್ಯತೆ ಇರಲಿಲ್ಲ. ಜನ ಆರಿಸಿ ಸದನಕ್ಕೆ ಕಳಿಸಿದ ಪಕ್ಷವನ್ನು ಅಮಾನ್ಯ ಪಕ್ಷ ಎಂದು ಬರೆದರೆ ಆ ಜನರ ಓಟಿಗೇ ಬೆಲೆ ಇಲ್ಲ ಅಂದ ಹಾಗಾಗುತ್ತದೆ. ಆ ಪದವನ್ನು ನನ್ನ ಕೈಯಿಂದಲೇ ಬರೆದೆನಲ್ಲ ಎಂದು ಬೇಸರವಾಯಿತು.

‘ಮಾನ್ಯತೆ ಇಲ್ಲದ’ ಎಂದು ಬಿಡಿಸಿ ಬರೆಯಬಹುದಲ್ವಾ ಎಂದು ಒಬ್ಬ ಗೆಳೆಯರು ಹೇಳಿದರು. ಪತ್ರಿಕೆಗಳಲ್ಲಿ ಅದೂ ಬಳಕೆಯಲ್ಲಿದೆ. ಆದರೆ ಅದನ್ನು ಕೇಳಿದ ತಕ್ಷಣ ನಮಗೆ ನೆನಪಾಗುವುದು ಶಾಲೆ, ಕಾಲೇಜು. ಮಾನ್ಯತೆ ಇಲ್ಲದ ಶಾಲೆ ಎಂದರೆ ಮಕ್ಕಳನ್ನು ಸೇರಿಸಬೇಡಿ ಎಂದೇ ಅರ್ಥ. ಅಲ್ಲಿ ಮಾನ್ಯತೆ ಎಂದರೆ ನಡೆಸಲು ಕೊಟ್ಟ ಒಪ್ಪಿಗೆ. ಶಾಲೆಯ ಆ ಅರ್ಥವೇ ಪಕ್ಷಕ್ಕೂ ಅಂಟಿಕೊಳ್ಳುತ್ತದೆ.

ನನಗೆ ಈಗ ಹಿಡಿಸಿರುವುದು ‘ಮಾನ್ಯತೆ ಪಡೆಯದ’. ಯಾಕೆಂದರೆ ಮಾತಿನ ಮುಂದೆ ‘ಅ’ ಅಥವಾ ‘ಅನ್’ ಸೇರಿಸಿದರೆ ಅದು ತೀರ್ಪಿನ ಹಾಗೆ ಕೇಳುತ್ತದೆ: ಅಯೋಗ್ಯ, ಅನರ್ಹ, ಅಸಿಂಧು. ಕ್ರಿಯಾಪದದ ಕೊನೆಗೆ ‘ಅದ’ ಬಂದರೆ ಹಾಗಲ್ಲ. ಮಾಗದ ಹಣ್ಣು, ಓದದ ಪುಸ್ತಕ, ಮದುವೆಯಾಗದ ಹುಡುಗ. ಆ ಕೆಲಸ ಆಗಿಲ್ಲ ಅಷ್ಟೇ, ನಾಳೆ ಆಗಬಹುದು. ನೋಂದಣಿಯಾಗಿ ಮಾನ್ಯತೆಗೆ ಕಾಯುತ್ತಿರುವ ಪಕ್ಷದ ಸ್ಥಿತಿಯೂ ಇದೇ. ತೊಂದರೆ ಏನೆಂದರೆ ‘ಮಾನ್ಯತೆ ಪಡೆಯದ ನೋಂದಾಯಿತ ಪಕ್ಷ’ ಉದ್ದವಾಯಿತು. ಕರಪತ್ರದಲ್ಲಿ ನಡೆಯುತ್ತದೆ, ಭಾಷಣದಲ್ಲಿ ನಾಲಿಗೆ ತೊಡರುತ್ತದೆ.

ಇದೇ ಕೆಲಸದಲ್ಲಿ ಎದುರಾದ ಇನ್ನೊಂದು ವಿಷಯವನ್ನೂ ಹೇಳಬೇಕು. ಕರಡಿನ ಮೊದಲ ಸಾಲಿನಲ್ಲಿ ‘ಮೂರು ವರ್ಷಗಳ ಹಿಂದೆ ಸ್ಥಾಪನೆಯಾದ ನಮ್ಮ ಪಕ್ಷ’ ಎಂದಿತ್ತು. ಕೆರೆ ಹೂಳೆತ್ತುವ ಕೆಲಸದಿಂದ ಶುರುವಾದ ಬಳಗ ಇದು. ಅವರ ಮನಸ್ಸಿನಲ್ಲಿ ಪಕ್ಷ ಹುಟ್ಟಿದ್ದು ಆವತ್ತೇ. ಆದರೆ ಕಾನೂನಿಗೆ ಸ್ಥಾಪನೆ ಎಂದರೆ ಒಂದು ತಾರೀಕು. 30 ದಿನಗಳ ಎಣಿಕೆ ಅಲ್ಲಿಂದಲೇ. ಆ ಸಾಲನ್ನು ಹಾಗೇ ಬಿಟ್ಟಿದ್ದರೆ ಅವಧಿ ಎಂದೋ ಮುಗಿದಿದೆ ಎಂದು ನಾವೇ ಬರೆದುಕೊಟ್ಟಂತಾಗುತ್ತಿತ್ತು. ಈಗ ‘ಮೂರು ವರ್ಷಗಳಿಂದ ಕಟ್ಟುತ್ತ ಬಂದ ಬಳಗ’ ಎಂದು ತಿದ್ದಿದ್ದೇನೆ. ಸ್ಥಾಪನೆ ಎಂಬ ಪದವನ್ನು ಮೊದಲ ಸಭೆಯ ದಿನಕ್ಕೆ ಮಾತ್ರ ಇಟ್ಟಿದ್ದೇನೆ. ಕಟ್ಟು ಎಂಬ ನಮ್ಮ ಮಾತು ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ಮನೆ ಕಟ್ಟುವುದು, ಹೂ ಕಟ್ಟುವುದು, ಗೂಡು ಕಟ್ಟುವುದು, ಎಲ್ಲದಕ್ಕೂ ದಿನ ಹಿಡಿಯುತ್ತದೆ.

ನಿಯಮಾವಳಿಗೆ ‘ಪಕ್ಷದ ಸಂವಿಧಾನ’ ಎನ್ನುವ ರೂಢಿಯೂ ಇದೆ. ನಾನು ಅದನ್ನು ಬಿಟ್ಟೆ. ಭಾರತದ ಸಂವಿಧಾನಕ್ಕೆ ನಿಷ್ಠೆ ಇಟ್ಟಿದ್ದೇವೆ ಎಂಬ ಮಾತು ಅದರಲ್ಲಿ ಇರಲೇಬೇಕು. ಒಂದೇ ವಾಕ್ಯದಲ್ಲಿ ಎರಡು ಸಂವಿಧಾನ ಬಂದರೆ ಓದುವವರಿಗೆ ಗೊಂದಲ.

ಈಗ ನನ್ನ ಪ್ರಶ್ನೆಗಳು. ‘ಮಾನ್ಯತೆ ಪಡೆಯದ’ ಅನ್ನುವುದಕ್ಕಿಂತ ಚಿಕ್ಕದಾದ, ಕೀಳಾಗಿ ಕೇಳಿಸದ ಮಾತು ನಿಮಗೆ ಹೊಳೆಯುತ್ತದೆಯೇ? ಮಾನ್ಯತೆಯನ್ನೇ ಬಿಟ್ಟು ‘ರಾಜ್ಯ ಪಕ್ಷದ ಸ್ಥಾನಮಾನ’ ಎಂದು ಬಳಸಿದರೆ ಹೇಗೆ? ಕೋರ್ಟಿನ ಕನ್ನಡ ಬಲ್ಲವರು, ಪತ್ರಿಕೆಗಳ ಡೆಸ್ಕಿನಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಿ. ಅಮಾನ್ಯ ಎಂಬುದನ್ನು ‘ಅನೂರ್ಜಿತ’ ಎಂಬ ಅರ್ಥದಲ್ಲಲ್ಲದೆ ಬೇರೆ ರೀತಿಯಲ್ಲಿ ಬಳಸಿದ್ದನ್ನು ನೋಡಿದ್ದರೆ ದಯವಿಟ್ಟು ತಿಳಿಸಿ. ಕಲ್ಯಾಣ ಕರ್ನಾಟಕದ ಕಡೆ, ಕರಾವಳಿಯ ಕಡೆ ಆಡುಮಾತಿನಲ್ಲಿ ಏನಾದರೂ ಇದ್ದರೆ ಅದೂ ಬೇಕು.

ಕರಪತ್ರ ಅಚ್ಚಿಗೆ ಹೋಗುವುದು ಬರುವ ಸೋಮವಾರ. ಅದಕ್ಕೂ ಮೊದಲು ಆ ಹಿರಿಯರಿಗೆ ಹೊಸ ಸಾಲನ್ನು ಓದಿ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.