ರಾಜ್‌ಕುಮಾರ್ ಪುಟದಲ್ಲಿ ಅರ್ಧ ಸಿನಿಮಾಗಳೇ ಇಲ್ಲ (ಜಾಂಗೋ, ಪೋಸ್ಟ್‌ಗ್ರೆಸ್)

ಬಾಲ್ಕನಿ_ಸೀಟು:
ಹಳೇ ಕನ್ನಡ ಸಿನಿಮಾ ಹುಚ್ಚಿರುವವರಿಗೆ ಅಂತ ಒಂದು ಸೈಟ್ ಮಾಡುತ್ತಿದ್ದೇನೆ, ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸಿ. ನಟರ ಹೆಸರು ಒಂದಷ್ಟು ಸಿಎಸ್‌ವಿ ಫೈಲಿನಿಂದ ಬಂದಿವೆ, ಉಳಿದದ್ದು ಗೆಳೆಯರು ಅಡ್ಮಿನ್ ಪೇಜಿನಲ್ಲಿ ಮೊಬೈಲಿಂದ ಟೈಪ್ ಮಾಡಿದ್ದು. ಈಗ ರಾಜ್‌ಕುಮಾರ್ ಪುಟ ತೆಗೆದರೆ ‘ಬಂಗಾರದ ಮನುಷ್ಯ’ ಇದೆ, ‘ಬೇಡರ ಕಣ್ಣಪ್ಪ’ ಇಲ್ಲ. ಟೇಬಲ್ ನೋಡಿದರೆ ಅಣ್ಣಾವ್ರು ಎರಡು ಸಲ ಇದ್ದಾರೆ! ಹೆಸರಿಗೆ ಯೂನಿಕ್ (ಒಂದೇ ಹೆಸರು ಎರಡು ಸಲ ಬರಬಾರದು ಅನ್ನೋ ನಿಯಮ) ಹಾಕಿದ್ದೇನೆ, ಸೇರಿಸೋದೂ ಗೆಟ್-ಆರ್-ಕ್ರಿಯೇಟ್‌ನಿಂದಲೇ (ಇದ್ದರೆ ಅದನ್ನೇ ಕೊಡುತ್ತೆ, ಇಲ್ಲದಿದ್ದರೆ ಹೊಸದು ಮಾಡುತ್ತೆ). ಇದು ಹೇಗೆ ಸಾಧ್ಯ?

ಸೆಮಿಕೋಲನ್:
ಎರಡೂ ಹೆಸರಿನ ಕ್ಯಾರೆಕ್ಟರ್ ಲೆಂಗ್ತ್ ಎಷ್ಟು ಬರುತ್ತೆ ನೋಡಿ ಹೇಳಿ.

ಬಾಲ್ಕನಿ_ಸೀಟು:
ಒಂದಕ್ಕೆ 11, ಇನ್ನೊಂದಕ್ಕೆ 12. ಕಣ್ಣಿಗೆ ಮಾತ್ರ ಏನೂ ವ್ಯತ್ಯಾಸ ಕಾಣಲ್ಲ.

ಸೆಮಿಕೋಲನ್:
ಅದೇ ಇರಬೇಕು ಅಂದ್ಕೊಂಡೆ. 12 ಇರೋದರ ಕೊನೆಯ ‘ರ್’ ಆದ ಮೇಲೆ ಝೀರೋ ವಿಡ್ತ್ ನಾನ್ ಜಾಯ್ನರ್ ಕೂತಿರುತ್ತೆ, ಯೂನಿಕೋಡ್ 200ಸಿ. ಮುಂದಿನ ಅಕ್ಷರ ಒತ್ತಾಗದಂತೆ ತಡೆಯೋ, ಕಣ್ಣಿಗೆ ಕಾಣದ ಚಿಹ್ನೆ ಅದು. ನಡುವಿನ ‘ಜ್’ ಆದ ಮೇಲೂ ಒಂದಿದೆ, ಆದರೆ ಅದು ಬೇಕು, ಇಲ್ಲದಿದ್ದರೆ ಕ ಒತ್ತಾಗಿ ‘ರಾಜ್ಕುಮಾರ್’ ಅಂತ ಕಾಣುತ್ತದೆ. ಕೊನೆಯದು ದಂಡ. ಕೆಲವು ಕೀಬೋರ್ಡ್‌ಗಳು ಅರ್ಧಾಕ್ಷರ ಬಂದ ಕೂಡಲೇ ಕೇಳದೆ ಅದನ್ನು ಹಾಕಿಬಿಡುತ್ತವೆ.

ಹುಡುಕೋದಕ್ಕೆ ಅಂತಲೇ ಇನ್ನೊಂದು ಕಾಲಂ ಮಾಡಿ. ಸೇವ್ ಆಗುವಾಗ ಹೆಸರನ್ನು ಎನ್‌ಎಫ್‌ಸಿಗೆ (ಒಂದೇ ಅಕ್ಷರದ ಬೇರೆ ಬೇರೆ ಕೋಡ್‌ಗಳನ್ನು ಒಂದೇ ರೂಪಕ್ಕೆ ತರೋ ಯೂನಿಕೋಡ್ ನಾರ್ಮಲೈಸೇಶನ್) ತಂದು, 200ಸಿ, ಅದರ ಜೋಡಿ 200ಡಿ (ಝೀರೋ ವಿಡ್ತ್ ಜಾಯ್ನರ್) ಎರಡನ್ನೂ ಕಿತ್ತು ಅದರಲ್ಲಿ ಇಡಿ. ಯೂನಿಕ್, ಗೆಟ್-ಆರ್-ಕ್ರಿಯೇಟ್ ಎಲ್ಲಾ ಆ ಕಾಲಂ ಮೇಲೆ (ಯೂನಿಕ್ ಮಾತ್ರ ಈಗಿರೋ ಡಬಲ್ ಸಾಲುಗಳು ಹೋದ ಮೇಲೆ). ಪುಟದಲ್ಲಿ ತೋರಿಸೋದು ಮಾತ್ರ ಮೂಲ ಹೆಸರು. ಬಳಕೆದಾರರು ಸರ್ಚ್ ಬಾಕ್ಸಲ್ಲಿ ಟೈಪ್ ಮಾಡಿದ್ದೂ ಅದೇ ಫಂಕ್ಷನ್ ದಾಟಿ ಹೋಗಬೇಕು, ಇದನ್ನೇ ಜಾಸ್ತಿ ಜನ ಬಿಡೋದು.

ಬಾಲ್ಕನಿ_ಸೀಟು:
ಬರೀ ಎನ್‌ಎಫ್‌ಸಿ ಸಾಲಲ್ವಾ?

ಸೆಮಿಕೋಲನ್:
ಸಾಲಲ್ಲ, ಅದು ಜಾಯ್ನರ್ ಮುಟ್ಟೋದೇ ಇಲ್ಲ. ಅದಕ್ಕಿಂತ ಜಾಸ್ತಿ ಬದಲಿಸೋ ಎನ್‌ಎಫ್‌ಕೆಸಿ ಹಾಕಿದರೂ ಅಷ್ಟೇ. ಹಾಗಂತ ಎನ್‌ಎಫ್‌ಸಿ ಬಿಡೋಕೂ ಆಗಲ್ಲ. 1934ರ ‘ಸತಿ ಸುಲೋಚನ’ದಲ್ಲಿರುವ ‘ಲೋ’ ತಗೊಳ್ಳಿ. ಅದರ ಓತ್ವ ಒಂದೇ ಕೋಡ್ ಆಗಿಯೂ ಬರಬಹುದು, ಮೂರು ತುಂಡಾಗಿಯೂ ಬರಬಹುದು. ನೋಡೋಕೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ.

ಬಾಲ್ಕನಿ_ಸೀಟು:
ಸರಿ ಹೋಯ್ತು ಗುರೂ, ಹೊಸದಾಗಿ ಡಬಲ್ ಆಗ್ತಿಲ್ಲ. ಈಗಾಗಲೇ ಇರೋ ಎರಡು ಸಾಲು ಹೇಗೆ ಸೇರಿಸಲಿ? ಸಿನಿಮಾ-ನಟ ಜೋಡಿಸೋ ಟೇಬಲಲ್ಲಿ ಐಡಿ ಬದಲಿಸೋಕೆ ಹೋದರೆ ಡೂಪ್ಲಿಕೇಟ್ ಕೀ ಅಂತ ಎರರ್.

ಸೆಮಿಕೋಲನ್:
ಯಾವುದೋ ಒಂದು ಸಿನಿಮಾಗೆ ಎರಡೂ ಸಾಲು ಅಂಟಿಕೊಂಡಿದೆ, ಅದಕ್ಕೇ. ನೇರ ಅಪ್‌ಡೇಟ್ ಬೇಡ. ಟ್ರಾನ್ಸಾಕ್ಷನ್ (ಎಲ್ಲಾ ಆಗಬೇಕು, ಇಲ್ಲ ಏನೂ ಆಗಬಾರದು) ಒಳಗೆ, ಬೇಡದ ಸಾಲಿನ ಪ್ರತಿ ಸಿನಿಮಾಗೂ ಉಳಿಸಿಕೊಳ್ಳುವ ನಟನನ್ನು ಜಾಂಗೋದ ಆಡ್‌ನಿಂದ ಸೇರಿಸಿ, ಮೊದಲೇ ಇದ್ದರೆ ಅದು ಸುಮ್ನಿರುತ್ತೆ. ಆಮೇಲೆ ಬೇಡದ ಸಾಲು ಡಿಲೀಟ್ ಮಾಡಿ. ಪಟ್ಟಿ ಒಂದ್ಸಲ ಕಣ್ಣಲ್ಲಿ ನೋಡಿಯೇ ಮಾಡಿ, ಒಂದೇ ಹೆಸರಿನ ಇಬ್ಬರು ನಟರು ಇರಬಹುದು.

ಹಳೇ_ಟೆಂಟು:
ಇದೇ ಜೋಶಲ್ಲಿ ಸಿನಿಮಾ ಶೀರ್ಷಿಕೆಗೂ ಯೂನಿಕ್ ಹಾಕಬೇಡಿ. ‘ನಾಗರಹಾವು’ 1972ರಲ್ಲೂ ಇದೆ, 2016ರಲ್ಲೂ ಇದೆ. ಶೀರ್ಷಿಕೆ, ವರ್ಷ, ಭಾಷೆ ಮೂರನ್ನೂ ಸೇರಿಸಿ ಹಾಕಿ. ಇನ್ನು ‘ರಾಜಕುಮಾರ್’ ಅಂತ ಅರ್ಧಾಕ್ಷರ ಇಲ್ಲದೆ ಬರೆಯೋರೂ ಇದ್ದಾರೆ, ಇಂಗ್ಲಿಷ್ ಅಕ್ಷರದಲ್ಲಿ ಹುಡುಕೋರೂ ಇದ್ದಾರೆ. ಅದಕ್ಕೆ ಯಾವ ನಾರ್ಮಲೈಸೇಶನ್ನೂ ಆಗಲ್ಲ, ನಟರ ಐಡಿಗೆ ಜೋಡಿಸಿದ ಅಡ್ಡಹೆಸರುಗಳ ಟೇಬಲ್ ಒಂದು ಬೇಕೇ ಬೇಕು.