ಸಮಸ್ಯಾಪೂರಣ: “ಕೊಲುವಂ ಕೈಮುಗಿದು ಬೇಡಿದಂ ದೇವರನೇ”

ಸಂಚಾಲಕರು: ಕೊಟ್ಟ ಸಾಲಿಗೆ ಉಳಿದ ಸಾಲುಗಳನ್ನು ಕಟ್ಟಿ ಅರ್ಥ ಹೊಂದಿಸುವುದೇ ಸಮಸ್ಯಾಪೂರಣ. ಈ ಸಲದ ಸಮಸ್ಯೆ ನಾಲ್ಕು ಸಾಲುಗಳ ಕಂದಪದ್ಯದ ಕೊನೆಯ ಪಾದ. ಲಕಾರದ ಸಿಂಹಪ್ರಾಸವನ್ನು, ಎಂದರೆ ಪ್ರತಿ ಪಾದದ ಮೊದಲ ಅಕ್ಷರ ಹ್ರಸ್ವ, ಎರಡನೆಯದು ಲಕಾರ ಎಂಬ ನಿಯಮವನ್ನು, ಪಾಲಿಸಬೇಕು. ವಸ್ತು 1992-95ರ ಬಾಸ್ನಿಯಾ ಯುದ್ಧ; ಅಲ್ಲಿ ಆರ್ಥೊಡಾಕ್ಸ್ ಕ್ರೈಸ್ತರಾದ ಸರ್ಬರು, ಕ್ಯಾಥೊಲಿಕರಾದ ಕ್ರೊಯಾಟರು, ಬಾಸ್ನಿಯಾದ ಮುಸ್ಲಿಮರು ಪರಸ್ಪರ ಹೋರಾಡಿದರು. ಕೊಲ್ಲಿಸಿದ ನಾಯಕನು ಧರ್ಮವನ್ನು ಬಳಸಿಕೊಂಡನೇ, ಅವನು ನಡೆಸಿದ್ದು ಯುದ್ಧವೇ ಭಯೋತ್ಪಾದನೆಯೇ ಎಂಬ ಪ್ರಶ್ನೆಯನ್ನು ಪದ್ಯವು ಎದುರಿಸಲಿ. ಬಾಸ್ನಿಯಾದ ಸರ್ಬ್ ನಾಯಕ ರಾಡೊವಾನ್ ಕರಾಜಿಚ್ ಮನೋವೈದ್ಯನಷ್ಟೇ ಅಲ್ಲ, ಕವಿತೆಗಳನ್ನು ಪ್ರಕಟಿಸಿದ ಕವಿಯೂ ಆಗಿದ್ದನು. ಪದ್ಯ ಕಟ್ಟುವ ನಾವು ಇದನ್ನು ಮರೆಯಲಾಗದು.

ಮೊದಲ ಪೂರಣ:

ಮಲೆಯಿಂ ಪುರಮಂ ಸುಡುತುಂ
ಛಲದಿಂ ಪಸುಳೆಗಳ ಕೊಂದು ಧರ್ಮದ ಪೆಸರೊಳ್
ಗೆಲವಂ ವರಮೆಂದೆಣಿಸುತೆ
ಕೊಲುವಂ ಕೈಮುಗಿದು ಬೇಡಿದಂ ದೇವರನೇ

ಇಲ್ಲಿಯ ಪುರ ಬಾಸ್ನಿಯಾದ ರಾಜಧಾನಿ ಸರಾಯೆವೊ. 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿಯವರೆಗೆ ಸರ್ಬ್ ಪಡೆಗಳ ಮುತ್ತಿಗೆಗೆ ಒಳಗಾದ ಆ ನಗರದ ಮೇಲೆ ಸುತ್ತಲಿನ ಬೆಟ್ಟಗಳಿಂದ ಷೆಲ್ಲುಗಳೂ ಹೊಂಚುಗಾರರ ಗುಂಡುಗಳೂ ಸುರಿದವು. 1992ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಗ್ರಂಥಾಲಯವೇ ಉರಿದುಹೋಯಿತು. ನೀರಿಗೆ, ರೊಟ್ಟಿಗೆ ಸಾಲು ನಿಂತವರನ್ನು ಕೊಂದದ್ದರಿಂದ ಯಾವ ಸೈನಿಕ ಪ್ರಯೋಜನವಿತ್ತು? ಅಂಜಿಸುವುದೇ ಗುರಿಯಾಗಿತ್ತು. ಹೇಗ್‌ನಲ್ಲಿದ್ದ ಯುದ್ಧಾಪರಾಧಗಳ ಅಂತರರಾಷ್ಟ್ರೀಯ ನ್ಯಾಯಮಂಡಳಿಯು 2016ರಲ್ಲಿ ಕರಾಜಿಚ್‌ನನ್ನು ನರಮೇಧದ ಜೊತೆಗೆ ನಾಗರಿಕರಲ್ಲಿ ಭಯ ಬಿತ್ತಿದ ಅಪರಾಧಕ್ಕೂ ದೋಷಿಯೆಂದು ತೀರ್ಮಾನಿಸಿತು; 2019ರಲ್ಲಿ ಅವನ ಶಿಕ್ಷೆ ಜೀವಾವಧಿಗೆ ಏರಿತು. ಆದ್ದರಿಂದ ನಾಯಕನನ್ನು ಭಯೋತ್ಪಾದಕನೆಂದು ಕರೆಯುವುದು ಕವಿಯ ಅತಿಶಯೋಕ್ತಿಯಲ್ಲ.

ಓದುಗರೊಬ್ಬರು: ಛಂದಸ್ಸು ಶುದ್ಧವಾಗಿದೆ. ಆದರೆ ‘ಧರ್ಮದ ಪೆಸರೊಳ್’ ಎಂದಾಗ ದೋಷವು ಧರ್ಮಕ್ಕೇ ತಗಲುವುದಿಲ್ಲವೇ? ಹುಟ್ಟಿನಿಂದ ಸರ್ಬನಾದ ಯೊವಾನ್ ದಿವ್ಯಾಕ್ ಅದೇ ಸರಾಯೆವೊವನ್ನು ಕಾಪಾಡುವ ಬಾಸ್ನಿಯಾ ಸೈನ್ಯದ ಸೇನಾನಿಯಾಗಿದ್ದನು. ಮೊಸ್ತಾರ್‌ನ ಹಳೆಯ ಸೇತುವೆಯನ್ನು 1993ರ ನವೆಂಬರ್‌ನಲ್ಲಿ ಉರುಳಿಸಿದ್ದು ಕ್ರೊಯಾಟ್ ಪಡೆ. ಹೀಗಿರುವಾಗ ಹೊಣೆಯನ್ನು ಒಂದು ಪಂಥದ ಮೇಲೆ ಹೊರಿಸಲಾಗದು.

ಮೊದಲ ಪೂರಣದವರು: ಒಪ್ಪುತ್ತೇನೆ, ಒಂದು ಪಂಥದ ಮೇಲೆ ಹೊರಿಸುವ ಇಂಗಿತ ನನಗಿಲ್ಲ. ಆದರೆ ‘ಪೆಸರೊಳ್’ ಎಂಬುದನ್ನು ತೆಗೆಯಲಾರೆ. 1995ರ ಜುಲೈ 11ರಂದು ಪೂರ್ವ ಬಾಸ್ನಿಯಾದ ಸ್ರೆಬ್ರೆನಿತ್ಸಾ ಊರನ್ನು ಹೊಕ್ಕ ಬಾಸ್ನಿಯಾ ಸರ್ಬ್ ಸೈನ್ಯದ ಜನರಲ್ ರಾಟ್ಕೊ ಮ್ಲಾಡಿಚ್, ಸರ್ಬರ ದೊಡ್ಡ ಹಬ್ಬವೊಂದರ ಮುನ್ನಾದಿನ ಈ ಊರನ್ನು ಅವರಿಗೆ ಕಾಣಿಕೆಯಾಗಿ ಕೊಡುತ್ತಿರುವುದಾಗಿಯೂ ‘ತುರ್ಕ’ರ ಮೇಲೆ ಸೇಡು ತೀರಿಸಿಕೊಳ್ಳುವ ಕಾಲ ಬಂದಿರುವುದಾಗಿಯೂ ಕ್ಯಾಮೆರಾದ ಮುಂದೆಯೇ ಸಾರಿದನು. ಅನಂತರದ ಕೆಲವೇ ದಿನಗಳಲ್ಲಿ 8,000ದಷ್ಟು ಮುಸ್ಲಿಂ ಗಂಡಸರೂ ಹುಡುಗರೂ ಹತರಾದರು. ಅಲ್ಲಿದ್ದವರು ತುರ್ಕರಲ್ಲ, ಅದೇ ಭಾಷೆಯಾಡುವ ನೆರೆಯವರು. ಹಬ್ಬವನ್ನೂ ಹಿಂದಿನ ತುರ್ಕರ ಆಳ್ವಿಕೆಯ ನೆನಪನ್ನೂ ಹೆಣೆದು ನೆರೆಯವನನ್ನು ಹಗೆಯಾಗಿಸಿದ್ದು ನಂಬಿಕೆಯ ದುರುಪಯೋಗವಲ್ಲದೆ ಮತ್ತೇನು?

ಎರಡನೆಯ ಪೂರಣ: ಸ್ರೆಬ್ರೆನಿತ್ಸಾದ ಪ್ರಸ್ತಾಪ ಬಂದುದರಿಂದ ನಾನು ಕರ್ತೃವನ್ನೇ ಬದಲಿಸಿದ್ದೇನೆ. ಕೊಲ್ಲುವವನು ಒಬ್ಬ, ಕೈಮುಗಿದವನು ಇನ್ನೊಬ್ಬ; ‘ಕೊಲುವಂ’ (ಕೊಲ್ಲುವನು) ಎಂಬುದು ಇಲ್ಲಿ ಹುಡುಗನ ಉದ್ಗಾರ.

ಅಲರಂದದ ಬಾಲಕನಂ
ನಿಲಿಸುತೆ ಸಾಲಿನೊಳು ನಾಯಕಂ ಮತಮಿಷದಿಂ
ಬಲಿಗೊಳ್ಳಲರಿತನೆಳೆಯಂ
“ಕೊಲುವಂ!” ಕೈಮುಗಿದು ಬೇಡಿದಂ ದೇವರನೇ

ಸಂಚಾಲಕರು: ಎರಡನೆಯದು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ದೇವರನ್ನು ಕೊಲೆಗಾರನ ಕೈಯಿಂದ ಬಿಡಿಸಿ ಹುಡುಗನಿಗೆ ಮರಳಿಸಿದ್ದೇ ಅದರ ಹಿರಿಮೆ. ‘ಮಿಷ’ ಎಂಬ ಪದ ನಾಯಕನ ಕಪಟವನ್ನು ಸರಿಯಾಗಿ ಗುರುತಿಸುತ್ತದೆ. ಆದರೂ ಪುರೋಹಿತರು ನಿರ್ದೋಷಿಗಳಾಗಿ ಉಳಿಯಬಾರದು. ಸ್ಕಾರ್ಪಿಯನ್ಸ್ ಎಂಬ ಸರ್ಬ್ ಪಡೆಯವರು ಸ್ರೆಬ್ರೆನಿತ್ಸಾದಿಂದ ತಂದ ಆರು ಮಂದಿಯನ್ನು ಕೊಂದ ವಿಡಿಯೊವನ್ನು 2005ರಲ್ಲಿ ಹೇಗ್‌ನಲ್ಲಿ ತೋರಿಸಲಾಯಿತು. ಅದೇ ಪಡೆಯನ್ನು ಪಾದ್ರಿಯೊಬ್ಬರು ಹರಸುವ ದೃಶ್ಯವೂ ಅದರಲ್ಲಿತ್ತು. ಹರಸಿದವನನ್ನು ಪದ್ಯದೊಳಗೆ ತಂದ ಪೂರಣ ಇನ್ನೂ ಬಂದಿಲ್ಲ. ಅದಕ್ಕಾಗಿ ಈ ಸಮಸ್ಯೆಯನ್ನು ಮುಂದಿನ ವಾರಕ್ಕೂ ತೆರೆದಿಟ್ಟಿದ್ದೇನೆ.